ಮಡ್ಡಿ, ಎರೆ, ಮಳಿ: ಸಾಂಗ್ಲಿ ಸೀಮೆಯಲ್ಲಿ ಮಣ್ಣು ಉಳಿಸುವ ಬಗೆ

ಮಣ್ಣು ಸವಕಳಿ ಎಂದರೆ ಹೊಲದ ಮೇಲ್ಪದರದ ಮಣ್ಣು ತನ್ನ ಜಾಗ ಬಿಟ್ಟು ಹೋಗುವುದು. ಗಾಳಿಯೂ ಮಣ್ಣನ್ನು ಒಯ್ಯುತ್ತದೆ. ಆದರೆ ಸಾಂಗ್ಲಿ, ಮಿರಜ, ಜತ್ತದ ಸೀಮೆಯಲ್ಲಿ ಈ ಕೆಲಸವನ್ನು ಹೆಚ್ಚಾಗಿ ಮಾಡುವುದು ನೀರು. ಮಳೆಗಾಗಿ ಮುಗಿಲು ನೋಡುತ್ತ ಕೂರುವ ಹಳ್ಳಿಗಳಲ್ಲೇ ಮಣ್ಣಿನ ನಷ್ಟ ಜಾಸ್ತಿ. ಮಳೆ ಕಡಿಮೆಯಿದ್ದಲ್ಲಿ ನೆಲದ ಮೇಲೆ ಹುಲ್ಲು ಕಡಿಮೆ, ಮರ ಕಡಿಮೆ. ಬರಿಮೈಯಲ್ಲಿ ಬಿದ್ದ ನೆಲದ ಮೇಲೆ ಒಮ್ಮೆಲೇ ಸುರಿಯುವ ನಾಲ್ಕೈದು ದೊಡ್ಡ ಮಳೆಗಳು ವರ್ಷದ ಹಾನಿಯ ಬಹುಪಾಲನ್ನು ಕೆಲವೇ ತಾಸುಗಳಲ್ಲಿ ಮಾಡಿ ಮುಗಿಸುತ್ತವೆ.

ಸಾಂಗ್ಲಿ ಜಿಲ್ಲೆ ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಒಣಗುತ್ತ ಹೋಗುತ್ತದೆ. ಪಶ್ಚಿಮದ ತುದಿಯಲ್ಲಿ ಸಹ್ಯಾದ್ರಿಗೆ ಹತ್ತಿದ ಶಿರಾಳಾ ತಾಲ್ಲೂಕು, ವಾರಣಾ ನದಿಯ ಚಾಂದೋಲಿ ಅಣೆಕಟ್ಟು, ಎಡೆಬಿಡದ ಮಳೆ. ನಡುವೆ ಕೃಷ್ಣೆಯ ಬಯಲು: ವಾಳವಾ, ಪಲೂಸ, ಮಿರಜ ತಾಲ್ಲೂಕುಗಳು; ಬೆಳೆ ಕಬ್ಬು, ಅರಿಸಿನ, ದ್ರಾಕ್ಷಿ. ಸಾಂಗ್ಲಿ ಊರಿಗೆ ಹತ್ತಿದ ಹರಿಪುರದಲ್ಲಿ ವಾರಣಾ ಕೃಷ್ಣೆಯನ್ನು ಕೂಡುತ್ತದೆ. ಪೂರ್ವಕ್ಕೆ ಆಟಪಾಡಿ, ಕವಠೆ ಮಹಾಂಕಾಳ, ಜತ್ತ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು. ಜತ್ತದ ಪೂರ್ವಭಾಗದ ಉಮದಿ, ಸಂಖ, ಮಾಡಗ್ಯಾಳ ಕಡೆಯ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ವಿಜಯಪುರ ಮತ್ತು ಅಥಣಿಯ ಹೊಲಗಳಿಗೂ ಈ ಹೊಲಗಳಿಗೂ ನಡುವೆ ಇರುವುದು ರಾಜ್ಯದ ಗಡಿಗೆರೆ ಮಾತ್ರ. ಮಣ್ಣು, ಬೆಳೆ, ಬರ ಮೂರೂ ಒಂದೇ.

ಇಲ್ಲಿಯ ನೆಲವನ್ನು ರೈತರು ಮೂರು ಹೆಸರಿನಿಂದ ಕರೆಯುತ್ತಾರೆ. ದಿನ್ನೆಯ ಮೇಲಿನ, ಗರಸು ಬೆರೆತ ತೆಳುಮಣ್ಣಿನ ನೆಲ ಮಡ್ಡಿ. ತಗ್ಗಿನಲ್ಲಿ ಆಳವಾಗಿ ಕೂತ, ಬೇಸಿಗೆಯಲ್ಲಿ ಕಾಲು ಸಿಗುವಷ್ಟು ಬಿರಿಯುವ ಕಪ್ಪು ನೆಲ ಎರೆ. ಕೃಷ್ಣೆಯ ದಂಡೆಗೆ ಪ್ರವಾಹ ತಂದು ಹಾಕಿದ ಮೆತ್ತನೆಯ ಮೆಕ್ಕಲು ನೆಲ ಮಳಿ. ‘ಕೃಷ್ಣಾಕಾಠ’ದ ಬದನೆಕಾಯಿ ಹೆಸರಾದದ್ದು ಈ ಮಣ್ಣಿನಿಂದ. ಮೂರರಲ್ಲೂ ಸವಕಳಿ ಇದೆ, ಆದರೆ ಸವೆಯುವ ರೀತಿ ಬೇರೆ ಬೇರೆ. ಮಡ್ಡಿಗೆ ಹೇಳಿದ ಮದ್ದನ್ನು ಎರೆಗೆ ಕೊಟ್ಟು ಕೈಸುಟ್ಟುಕೊಂಡ ಉದಾಹರಣೆಗಳು ಸರಕಾರಿ ಕಾಮಗಾರಿಗಳಲ್ಲೂ ಸಾಕಷ್ಟಿವೆ.

ಸವಕಳಿ ಶುರುವಾಗುವುದು ಹಳ್ಳದಲ್ಲಿ ಅಲ್ಲ, ಹನಿಯಲ್ಲಿ. ದಪ್ಪ ಮಳೆಹನಿ ನೆಲಕ್ಕೆ ಬೀಳುವಾಗ ಅದರ ವೇಗ ಸೆಕೆಂಡಿಗೆ ಸುಮಾರು 9 ಮೀಟರ್. ಬರಿನೆಲಕ್ಕೆ ಬಡಿದ ಹನಿ ಮಣ್ಣಿನ ಹೆಂಟೆಯನ್ನು ಒಡೆದು ಕಣಗಳನ್ನು ಸಿಡಿಸುತ್ತದೆ. ಮೊದಲ ಮಳೆ ನಿಂತ ಮೇಲೆ ತೋಟದ ಮನೆಯ ಸುಣ್ಣದ ಗೋಡೆ ನೋಡಿದರೆ ಬುಡದಿಂದ ಮೊಳದೆತ್ತರದವರೆಗೆ ಕೆಸರಿನ ಚುಕ್ಕೆ ಕಾಣುತ್ತವೆ. ಅದು ಹನಿಯ ಕೆಲಸ. ಮಡ್ಡಿ ಹೊಲದಲ್ಲಿ ಬಗ್ಗಿ ನೋಡಿದರೆ ಇನ್ನೊಂದು ಗುರುತು ಸಿಗುತ್ತದೆ. ಗೋಲಿಯಷ್ಟು ದೊಡ್ಡ ಹರಳೊಂದು ಬೆರಳಗಲದ ಮಣ್ಣಿನ ಕಂಬದ ಮೇಲೆ ಕೂತಿರುತ್ತದೆ. ಹರಳು ಕೊಡೆಯಂತೆ ತನ್ನಡಿಯ ಮಣ್ಣನ್ನು ಕಾಯ್ದಿದೆ, ಸುತ್ತಲಿನದು ಹೋಗಿದೆ. ಕಂಬ ಎಷ್ಟು ಎತ್ತರವೋ ಅಷ್ಟು ಆಳದ ಮಣ್ಣು ಸುತ್ತಲಿಂದ ಹೋಗಿದೆ ಎಂದು ಅರ್ಥ. ಒಡ್ಡಿನ ಮೇಲಿನ ಹಳೆಯ ಬೇವಿನ ಬೇರುಗಳು ನೆಲದಿಂದ ಮೇಲೆದ್ದು ಕಾಣುತ್ತಿದ್ದರೆ, ಮರ ಸಸಿಯಾಗಿದ್ದಾಗ ಹೊಲದ ಮಟ್ಟ ಎಲ್ಲಿತ್ತು ಎಂಬುದನ್ನು ಆ ಬೇರುಗಳೇ ತೋರಿಸುತ್ತವೆ.

ಸಿಡಿದ ನುಣುಪು ಕಣಗಳು ಮಣ್ಣಿನ ಸಣ್ಣ ತೂತುಗಳನ್ನು ಮುಚ್ಚುತ್ತವೆ. ಆಮೇಲೆ ನೀರು ಇಂಗದೆ ಮೇಲೆಯೇ ಹರಿಯತೊಡಗುತ್ತದೆ. ಮೊದಲು ಹೊಲದ ತುಂಬ ತೆಳ್ಳಗೆ ಹರಿದು ಒಂದು ಪದರವನ್ನೇ ಸವರಿಕೊಂಡು ಹೋಗುತ್ತದೆ. ಇದು ಕಣ್ಣಿಗೆ ಬೀಳದ ಸವಕಳಿ, ಹಾಗಾಗಿಯೇ ಅತಿ ಅಪಾಯದ್ದು. ಮುಂದೆ ನೀರು ಒಟ್ಟುಗೂಡಿ ಬೆರಳಗಲದ ಗೆರೆ ಕೊರೆಯುತ್ತದೆ; ಕುಂಟೆ ಹೊಡೆದರೆ ಇದು ಮುಚ್ಚಿಹೋಗುತ್ತದೆ, ಮುಚ್ಚಿದ್ದರಿಂದ ವಾಸಿಯಾಯಿತು ಎಂದು ತೋರುತ್ತದೆ. ಮೂರನೆಯ ಹಂತ ಕೊರಕಲು: ಎತ್ತು, ಟ್ರ್ಯಾಕ್ಟರ್ ದಾಟಲಾಗದ ಗುಂಡಿ. ಹೆಚ್ಚಿನವರು ಎಚ್ಚರಗೊಳ್ಳುವುದು ಈ ಮೂರನೆಯ ಹಂತದಲ್ಲಿ, ಅಂದರೆ ಮೇಲಿನ ಒಳ್ಳೆಯ ಮಣ್ಣು ಹೋಗಿ ಬಹಳ ವರ್ಷಗಳಾದ ಮೇಲೆ.

ಹರಿಯುವ ನೀರಿನ ಲೆಕ್ಕವನ್ನು ರೈತರು ಒಂದೇ ಮಾತಿನಲ್ಲಿ ನೆನಪಿಡಬಹುದು: ವೇಗ ಇಮ್ಮಡಿಯಾದರೆ ಕೊರೆಯುವ ಬಲ ನಾಲ್ಕು ಪಟ್ಟಾಗುತ್ತದೆ. ಹೊತ್ತೊಯ್ಯುವ ಶಕ್ತಿ ಅದಕ್ಕಿಂತ ಎಷ್ಟೋ ಪಾಲು ಏರುತ್ತದೆ. ಸವಕಳಿ ತಡೆಯುವ ಎಲ್ಲ ವಿದ್ಯೆಯೂ ಕೊನೆಗೆ ನೀರಿನ ವೇಗ ಮುರಿಯುವ ವಿದ್ಯೆಯೇ. ವೇಗ ಹುಟ್ಟುವ ಮೊದಲು, ಮೇಲಿನ ತುದಿಯಲ್ಲಿ ಮುರಿದರೆ ಹಿಡಿ ಹುಲ್ಲು ಸಾಕು. ಕೆಳಗೆ ಹಳ್ಳದಲ್ಲಿ ಮುರಿಯಲು ಹೋದರೆ ಸಿಮೆಂಟಿನ ಗೋಡೆ ಬೇಕು.

ಭಾರತದಲ್ಲಿ ಒಂದು ಹೆಕ್ಟೇರಿನಿಂದ ವರ್ಷಕ್ಕೆ ಸರಾಸರಿ 16 ಟನ್ನಿಗೂ ಹೆಚ್ಚು ಮಣ್ಣು ಜಾಗ ಬಿಡುತ್ತದೆ ಎಂದು 1983ರಲ್ಲಿ ವಿಜ್ಞಾನಿಗಳಾದ ಧ್ರುವನಾರಾಯಣ ಮತ್ತು ರಾಮಬಾಬು ಅಂದಾಜು ಮಾಡಿದರು. ಎಕರೆಗೆ ಇಳಿಸಿದರೆ ಆರೂವರೆ ಟನ್, ಹೆಚ್ಚುಕಡಿಮೆ ಎರಡು ಟ್ರ್ಯಾಲಿ ಮಣ್ಣು. ಎಕರೆ ಹೊಲದ ಮೇಲೆ ಇದನ್ನು ಹರಡಿದರೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ದಪ್ಪ, ಅಷ್ಟೇ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಈ ಲೆಕ್ಕದಲ್ಲಿ ಎಂಟು ವರ್ಷಕ್ಕೆ ಒಂದು ಸೆಂಟಿಮೀಟರ್ ಹೋಗುತ್ತದೆ. ಕಲ್ಲು ಕರಗಿ ಅಷ್ಟು ಮಣ್ಣಾಗಲು ನೂರಾರು ವರ್ಷ ಬೇಕು. ಒಂದು ಮೊಳವೂ ಮಣ್ಣಿಲ್ಲದ ಮಡ್ಡಿಗೆ ಇದು ಎಂಥ ಹೊಡೆತ ಎಂದು ಬೇರೆ ಹೇಳಬೇಕಿಲ್ಲ. ಹೋಗುವುದೂ ನುಣುಪಾದ, ಗೊಬ್ಬರದ ಸತ್ವ ಹಿಡಿದಿಟ್ಟುಕೊಂಡ ಕಣಗಳೇ. ಹಿಂದೆ ಉಳಿಯುವುದು ಗರಸು.

ಇಳುಕಲು ನಿಸರ್ಗದ್ದು, ಮಳೆಯ ಹೊಡೆತವೂ ನಿಸರ್ಗದ್ದು. ಉಳಿದ ಕಾರಣಗಳು ಮನುಷ್ಯರವು. ಅವುಗಳಲ್ಲಿ ಹೆಚ್ಚು ಚರ್ಚೆಗೆ ಬಾರದ ಒಂದು, ಆಸ್ತಿ ಪಾಲಿನ ರೀತಿ. ಅಣ್ಣತಮ್ಮಂದಿರು ಹೊಲ ಹಂಚಿಕೊಳ್ಳುವಾಗ ಮೇಲಿನ ಮಡ್ಡಿಯಲ್ಲೂ ಕೆಳಗಿನ ಎರೆಯಲ್ಲೂ ಎಲ್ಲರಿಗೂ ಪಾಲು ಸಿಗಲೆಂದು ಇಳುಕಲಿನ ಉದ್ದಕ್ಕೇ ಪಟ್ಟಿ ಸೀಳುತ್ತಾರೆ. ನ್ಯಾಯವಾದ ಹಂಚಿಕೆಯೇ. ಆದರೆ ಪಟ್ಟಿ ಕಿರಿದಾದಂತೆ ಅಡ್ಡ ಉಳುಮೆ ತ್ರಾಸಾಗುತ್ತದೆ. ಟ್ರ್ಯಾಕ್ಟರ್ ಹದಿನೈದು ಮಾರಿಗೊಮ್ಮೆ ತಿರುಗಿಸುವುದಕ್ಕಿಂತ ಮೇಲಿನಿಂದ ಕೆಳಕ್ಕೆ ನೇರ ಹೊಡೆಯುವುದು ಸುಲಭ. ಹಾಗೆ ಹೊಡೆದ ಪ್ರತಿ ಸಾಲೂ ನೀರಿಗೆ ಒಂದು ಕಾಲುವೆಯಾಗುತ್ತದೆ. ಬಾಡಿಗೆ ಟ್ರ್ಯಾಕ್ಟರಿಗೆ ತಾಸಿನ ಲೆಕ್ಕದಲ್ಲಿ ದುಡ್ಡು ಕೊಡುವ ರೈತನಿಗೆ ಇದನ್ನು ಬರೀ ಉಪದೇಶದಿಂದ ಬಿಡಿಸಲಾಗದು. ಅಕ್ಕಪಕ್ಕದ ಮೂರು ನಾಲ್ಕು ಪಟ್ಟಿಯವರು ಒಂದೇ ದಿನ ಗೊತ್ತುಮಾಡಿ ಎಲ್ಲ ಪಟ್ಟಿಗಳನ್ನೂ ಸೇರಿಸಿ ಅಡ್ಡ ಉಳುಮೆ ಮಾಡಿಸಿದರೆ ಮಾತ್ರ ಖರ್ಚು ಸರಿಹೋಗುತ್ತದೆ. ರೋಟಾವೇಟರಿನ ಬಳಕೆಯೂ ಹೀಗೆಯೇ. ಹೆಂಟೆಯನ್ನೆಲ್ಲ ಹಿಟ್ಟು ಮಾಡಿದ ಹೊಲ ನೋಡಲು ಅಂದ. ಮೊದಲ ಮಳೆಗೆ ಆ ಹಿಟ್ಟೇ ಮೊದಲು ಹೊರಡುವುದು.

ಮಡ್ಡಿಯ ಕೆಲಸ ಶುರುವಾಗಬೇಕಾದದ್ದು ಅದರ ಮೇಲಿನ ಗುಡ್ಡದಿಂದ. ‘ಮಾಥಾದಿಂದ ಪಾಯಥಾಕ್ಕೆ’ ಎಂದು ಮರಾಠಿಯಲ್ಲಿ ಹೇಳುವ ಮಾತು, ನೆತ್ತಿಯಿಂದ ಪಾದಕ್ಕೆ. ಬೋಳು ಗುಡ್ಡದ ಮೈಯಲ್ಲಿ ಒಂದೇ ಮಟ್ಟದ ಗೆರೆಗುಂಟ ಒಂದೂವರೆ ಎರಡು ಅಡಿಯ ಚರ (ಕಂದಕ) ಅಗೆದು, ಅಗೆದ ಮಣ್ಣನ್ನು ಕೆಳಬದಿಗೆ ಹಾಕಿ, ಆ ಮಣ್ಣಿನ ಮೇಲೆ ಹುಲ್ಲುಬೀಜ ಚೆಲ್ಲಬೇಕು. ಕೆಲವು ವರ್ಷ ದನಕುರಿ ಬಿಡದೆ, ಕೊಡಲಿ ಹಚ್ಚದೆ ಕಾಯಬೇಕು; ಹುಲ್ಲನ್ನು ಕೊಯ್ದು ತಂದು ಹಾಕಬಹುದು. ಮಾಡಗ್ಯಾಳ ಕುರಿಗೆ ಹೆಸರಾದ ಸೀಮೆಯಲ್ಲಿ ಮೇಯಿಸುವುದನ್ನು ನಿಲ್ಲಿಸುವುದು ಸಣ್ಣ ಮಾತಲ್ಲ, ಕುರಿಗಾರರಿಗೆ ಬದಲಿ ಜಾಗ ತೋರಿಸದೆ ಮಾಡಿದರೆ ಅನ್ಯಾಯವೂ ಹೌದು. ಗುಡ್ಡವನ್ನು ಮೂರು ಭಾಗ ಮಾಡಿ ಸರದಿಯಲ್ಲಿ ಮೇಯಿಸುವುದು ಇಬ್ಬರಿಗೂ ಒಪ್ಪುವ ದಾರಿ. ಸುಗ್ಗಿಯ ನಂತರ ಹೊಲದಲ್ಲಿ ಕುರಿ ತರುಬಿಸಿದರೆ ಅವುಗಳ ಹಿಕ್ಕಿಯಿಂದ ಮಣ್ಣಿಗೆ ಬರುವ ಅಂಟು ಸವಕಳಿಗೂ ಒಳ್ಳೆಯ ತಡೆಯೇ.

ಬೋಳು ಗುಡ್ಡ ಮತ್ತೆ ಹಸಿರಾಗುವುದು ಸಾಧ್ಯವೇ ಎಂದು ಕೇಳುವವರಿಗೆ ಜಿಲ್ಲೆಯೊಳಗೇ ಸಾಗರೇಶ್ವರವಿದೆ. ಕಡೇಗಾಂವ, ಪಲೂಸ, ವಾಳವಾ ತಾಲ್ಲೂಕುಗಳು ಸೇರುವ ಕಡೆ ಧೋಂಡಿರಾಮ ಮಹಾದೇವ ಮೋಹಿತೆ ಅವರ ಹಟದಿಂದ ಬೋಳು ಗುಡ್ಡಗಳ ಮೇಲೆ ಗಿಡ ನೆಟ್ಟು ಬೆಳೆಸಿದ ಈ ಕಾಡು 1985ರಲ್ಲಿ ಅಭಯಾರಣ್ಯವಾಯಿತು. ಹತ್ತೂ ಮುಕ್ಕಾಲು ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚಿನ ಈ ಜಾಗದಲ್ಲಿ ಇಂದು ಜಿಂಕೆ, ಕಡವೆಗಳು ಓಡಾಡುತ್ತವೆ. ಮನುಷ್ಯರೇ ಮಾಡಿದ ಅಭಯಾರಣ್ಯವೆಂದು ಅದಕ್ಕೆ ಹೆಸರು.

ಗುಡ್ಡದ ಕೆಳಗಿನ ಮಡ್ಡಿ ಹೊಲಕ್ಕೆ ಬೇಕಾದದ್ದು ಸಮಪಾತಳಿ ಒಡ್ಡು. ಸಮಪಾತಳಿ ಎಂದರೆ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಕೂಡಿಸುವ ಗೆರೆ. ಇದನ್ನು ಗುರುತಿಸಲು ದೊಡ್ಡ ಯಂತ್ರ ಬೇಕಿಲ್ಲ. ಏಳು ಅಡಿಯ ಎರಡು ಬಿದಿರು ಗಳಗಳ ತುದಿ ಕೂಡಿಸಿ ಕಟ್ಟಿ, ನಡುವೆ ಒಂದು ಅಡ್ಡಪಟ್ಟಿ ಬಿಗಿದು, ತುದಿಯಿಂದ ಹಗ್ಗಕ್ಕೆ ಕಲ್ಲು ತೂಗಬಿಟ್ಟರೆ ಸಾಧನ ಸಿದ್ಧ. ಮೊದಲು ಅದನ್ನು ಎರಡು ಗೂಟಗಳ ಮೇಲೆ ನಿಲ್ಲಿಸಿ ಹಗ್ಗ ಅಡ್ಡಪಟ್ಟಿಯನ್ನು ಮುಟ್ಟುವ ಕಡೆ ಗೀಟು ಹಾಕಬೇಕು. ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲೆ ನಿಲ್ಲಿಸಿ ಇನ್ನೊಂದು ಗೀಟು. ಎರಡರ ನಟ್ಟನಡುವಿನ ಗೀಟೇ ಮಟ್ಟ. ಆಮೇಲೆ ಹೊಲದ ಅಂಚಿನಿಂದ ಶುರುಮಾಡಿ, ಒಂದು ಕಾಲು ಊರಿ ಇನ್ನೊಂದನ್ನು ಹಗ್ಗ ನಡುಗೀಟಿಗೆ ಬರುವಂತೆ ಆಚೀಚೆ ಸರಿಸುತ್ತ, ಊರಿದ ಕಡೆಯೆಲ್ಲ ಸುಣ್ಣದ ಚಿಟಿಕೆ ಹಾಕುತ್ತ ಹೋದರೆ ಸಮಪಾತಳಿ ತಾನಾಗಿ ಮೂಡುತ್ತದೆ. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿಗಳನ್ನು ಅಳತೆ ಕೋಲಿಗೆ ಕಟ್ಟಿಯೂ ಇದೇ ಕೆಲಸ ಮಾಡಬಹುದು. 2016ರಿಂದ 2019ರವರೆಗೆ ಪಾನಿ ಫೌಂಡೇಶನ್ ಸಂಸ್ಥೆ ಹಳ್ಳಿಗಳ ನಡುವೆ ನಡೆಸಿದ, ನೀರು ಉಳಿಸುವ ವಾಟರ್ ಕಪ್ ಸ್ಪರ್ಧೆಯ ದಿನಗಳಲ್ಲಿ ಜತ್ತ, ಆಟಪಾಡಿ ಮೊದಲಾದ ತಾಲ್ಲೂಕುಗಳ ಹಳ್ಳಿಗರು ಇಂಥ ಅಳತೆ ಕಲಿತು ಬೇಸಿಗೆಯ ಬಿಸಿಲಿನಲ್ಲಿ ಶ್ರಮದಾನ ಮಾಡಿದರು. ಸಮಪಾತಳಿ ಗೆರೆ ಎಂದೂ ನೇರವಾಗಿರುವುದಿಲ್ಲ, ಹಾವಿನಂತೆ ಹೊರಳುತ್ತದೆ. ನೇರ ಮಾಡುವ ಆಸೆಗೆ ಬಿದ್ದರೆ ನೀರು ತಗ್ಗಿನ ಕಡೆ ಕೂಡಿ ಒಡ್ಡು ಒಡೆಯುತ್ತದೆ.

ಒಡ್ಡಿನಿಂದ ಒಡ್ಡಿಗೆ ಎಷ್ಟು ಅಂತರ ಎಂಬುದನ್ನು ಇಳುಕಲು ನಿರ್ಧರಿಸುತ್ತದೆ. ನೂರು ಮೀಟರಿಗೆ ಎರಡು ಮೀಟರ್ ಇಳಿಯುವ ಹೊಲವಾದರೆ, ಕಡಿಮೆ ಮಳೆಯ ಸೀಮೆಗೆ ಹೇಳಿದ ಸೂತ್ರದಂತೆ ಸುಮಾರು 80 ಸೆಂಟಿಮೀಟರ್ ಇಳಿತಕ್ಕೊಂದು ಒಡ್ಡು ಬೇಕು, ಅಂದರೆ 40 ಮೀಟರಿಗೊಂದು. ಇಳುಕಲು ಹೆಚ್ಚಾದಂತೆ ಒಡ್ಡುಗಳು ಹತ್ತಿರವಾಗುತ್ತವೆ. ಹೆಚ್ಚಾದ ನೀರು ಹೋಗಲು ಕಲ್ಲು ಹಾಸಿದ ಕೋಡಿ ಇರಲೇಬೇಕು. ಕೋಡಿಯಿಲ್ಲದ ಒಡ್ಡು ಒಂದೇ ದೊಡ್ಡ ಮಳೆಗೆ ಒಡೆದು, ಒಡ್ಡೇ ಇಲ್ಲದ ಹೊಲಕ್ಕಿಂತ ಆಳದ ಕೊರಕಲು ಮಾಡುತ್ತದೆ. ಒಡ್ಡಿನ ಮೈಗೆ ಬೇರು ಬೇಕು: ಲಾವಂಚ, ಮಾರ್ವೆಲ್ ಹುಲ್ಲು, ಹಮಾಟಾ, ನಡುನಡುವೆ ಗೊಬ್ಬರದ ಗಿಡ ಅಥವಾ ಸೀತಾಫಲ. ಮೈಸೂರು ಕಡೆಯ ಗುಂಡ್ಲುಪೇಟೆಯ ರೈತರು ತಲೆತಲಾಂತರದಿಂದ ಹೊಲದ ಅಂಚಿಗೆ ಲಾವಂಚದ ಸಾಲು ಹಾಕಿ ಮಣ್ಣು ನಿಲ್ಲಿಸಿದ್ದನ್ನು ಹೊರದೇಶದ ತಜ್ಞರು ಬಂದು ನೋಡಿ ಜಗತ್ತಿಗೆ ಹೇಳಿದರು. ಒತ್ತೊತ್ತಾಗಿ ಬೆಳೆದ ಲಾವಂಚದ ಬುಡ ನೀರನ್ನು ಸೋಸಿ ಬಿಡುತ್ತದೆ, ಮಣ್ಣು ಹಿಂದೆ ನಿಲ್ಲುತ್ತದೆ. ಕೆಲವು ವರ್ಷಗಳಲ್ಲಿ ಹೊಲ ತಾನೇ ಮೆಟ್ಟಿಲಾಗುತ್ತದೆ.

ಈ ಸೀಮೆಗೆ ಒಡ್ಡಿನ ವಿದ್ಯೆ ಹೊಸದಲ್ಲ. ಆಟಪಾಡಿ ಕಡೆ ಕಿರುಹಳ್ಳಕ್ಕೆ ಅಡ್ಡಲಾಗಿ ಕಲ್ಲುಮಣ್ಣಿನ ‘ತಾಲ’ ಕಟ್ಟಿ, ಹಿಂದೆ ನಿಂತ ಹೂಳಿನಲ್ಲೇ ಸಣ್ಣ ಹೊಲ ಮಾಡಿಕೊಳ್ಳುವ ಪದ್ಧತಿ ಹಳೆಯದು. ವಿಜ್ಞಾನದ ಕಡೆಯಿಂದ ಮುಂಬೈ ಪ್ರಾಂತದಲ್ಲಿ ಒಣಬೇಸಾಯದ ಸಂಶೋಧನೆ 1923ರಲ್ಲಿ ಪುಣೆ ಹತ್ತಿರದ ಮಾಂಜರಿಯಲ್ಲಿ ಶುರುವಾಯಿತು. 1933ರ ಸುಮಾರಿಗೆ ಸೊಲ್ಲಾಪುರ ಮತ್ತು ವಿಜಯಪುರದಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರಗಳು ಬಂದವು. ಜತ್ತದ ಹೊಲಗಳು ಈ ಎರಡು ಊರುಗಳ ಪಶ್ಚಿಮಕ್ಕೆ, ಅಂಥದೇ ಒಣಸೀಮೆಯಲ್ಲಿ ಇವೆ. ಆಳವಾದ ಉಳುಮೆ ಕೆಲವು ವರ್ಷಕ್ಕೊಮ್ಮೆ ಸಾಕು, ಮಳೆಗಾಲದಲ್ಲಿ ಹರಗುತ್ತಿರಬೇಕು, ಸಾಲು ಅಗಲವಿರಬೇಕು, ಒಡ್ಡು ಬೇಕೇ ಬೇಕು ಎಂಬ ‘ಮುಂಬೈ ಒಣಬೇಸಾಯ ಪದ್ಧತಿ’ ಅಲ್ಲಿಂದ ಬಂತು. 1942ರ ಮುಂಬೈ ಭೂಸುಧಾರಣಾ ಯೋಜನೆಗಳ ಕಾಯ್ದೆ, ಒಬ್ಬೊಬ್ಬರ ಗಡಿ ನೋಡದೆ ಇಡೀ ಪ್ರದೇಶಕ್ಕೆ ಒಡ್ಡು ಹಾಕುವ ದಾರಿ ತೆರೆಯಿತು. ಸಮಪಾತಳಿ ಗೆರೆಗೆ ಯಾರ ಗಡಿಯೂ ಗೊತ್ತಿಲ್ಲವಾದ್ದರಿಂದ ಇಂಥ ಕಾನೂನು ಬೇಕಿತ್ತು. ಸಾಂಗ್ಲಿ, ಮಿರಜ, ಜತ್ತ ಸಂಸ್ಥಾನಗಳು ವಿಲೀನಗೊಂಡು 1949ರಲ್ಲಿ ದಕ್ಷಿಣ ಸಾತಾರಾ ಜಿಲ್ಲೆಯಾಯಿತು. ಅದಕ್ಕೆ ಸಾಂಗ್ಲಿ ಎಂಬ ಹೆಸರು ಬಂದದ್ದು 1960ರಲ್ಲಿ.

ಮಣ್ಣಿನ ಕೆಲಸಕ್ಕೂ ಬರಗಾಲದ ಕೂಲಿಗೂ ಇಲ್ಲಿ ಬಿಡಿಸಲಾಗದ ಗಂಟಿದೆ. ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಯೋಜನೆಯ ಜನಕರೆನಿಸಿದ ವಿ.ಸ. ಪಾಗೆ ಇದೇ ಜಿಲ್ಲೆಯವರು. ತಮ್ಮ ಕಲ್ಪನೆಯನ್ನು ಮೊದಲು ಪ್ರಯೋಗ ಮಾಡಿ ನೋಡಿದ್ದು ತಾಸಗಾಂವ ತಾಲ್ಲೂಕಿನಲ್ಲಿ. 1972ರ ಭೀಕರ ಬರದಲ್ಲಿ ಲಕ್ಷಾಂತರ ಜನ ಕಾಮಗಾರಿಗಳಿಗೆ ಬಂದರು. 1977ರಲ್ಲಿ ಯೋಜನೆಗೆ ಕಾನೂನಿನ ಬಲ ಬಂತು. ಆ ಕೂಲಿಯಿಂದ ಎದ್ದ ಒಡ್ಡು, ಜಿನುಗು ಕೆರೆಗಳು ಇಂದಿಗೂ ಪೂರ್ವ ತಾಲ್ಲೂಕುಗಳಲ್ಲಿ ಕಾಣಸಿಗುತ್ತವೆ. ಹಲವನ್ನು ಮುಂದಿನ ಪೀಳಿಗೆ ನಾಲ್ಕು ಸಾಲು ಹೆಚ್ಚು ಬಿತ್ತುವ ಆಸೆಗೆ ಉತ್ತು ಅಳಿಸಿಹಾಕಿತು. ಬರದಲ್ಲಿ ಉಪವಾಸ ಕೂತವರು ಬುಟ್ಟಿ ಹೊತ್ತು ಕಟ್ಟಿದ ಒಡ್ಡು ಅದು ಎಂಬ ನೆನಪಾದರೂ ಉಳಿಯಬೇಕಿತ್ತು.

ಈಗ ಎರೆ. ಆಳದ ಎರೆಯಲ್ಲಿ ಸಮಪಾತಳಿ ಒಡ್ಡು ಹಾಕಿದರೆ ಎರಡು ತೊಂದರೆ. ಬೇಸಿಗೆಯಲ್ಲಿ ಒಡ್ಡೂ ಹೊಲದ ಜೊತೆ ಬಿರಿಯುತ್ತದೆ, ಮೊದಲ ಮಳೆಯ ನೀರು ಬಿರುಕಿನೊಳಗೆ ನುಗ್ಗಿ ಒಡೆಯುತ್ತದೆ. ಬಿರಿಯದೆ ನಿಂತರೆ ಒಡ್ಡಿನ ಹಿಂದೆ ವಾರಗಟ್ಟಲೆ ನೀರು ನಿಂತು ಬೆಳೆ ಕೊಳೆಯುತ್ತದೆ. 1954ರಲ್ಲಿ ಬಳ್ಳಾರಿಯಲ್ಲಿ ಶುರುವಾದ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರದ ಕೆಲಸದಿಂದ ಎರೆಯ ಈ ಸ್ವಭಾವ ಸ್ಪಷ್ಟವಾಯಿತು. ಇಲ್ಲಿಗೆ ಬೇಕಾದದ್ದು ನೀರನ್ನು ತಡೆದು ನಿಲ್ಲಿಸುವ ಒಡ್ಡಲ್ಲ, ಒಂದು ಬದಿಗೆ ತುಸುವೇ ಓರೆಯಾಗಿ, ನೀರನ್ನು ನಡೆಸಿಕೊಂಡು ಹೋಗುವ ಒಡ್ಡು. ನೂರು ಮೀಟರಿಗೆ 10ರಿಂದ 40 ಸೆಂಟಿಮೀಟರ್ ಇಳಿತ ಸಾಕು. ನೀರು ಓಡುವುದಿಲ್ಲ, ನಡೆಯುತ್ತದೆ. ಅದು ಹುಲ್ಲು ಬೆಳೆಸಿದ ಅಗಲ ಕಾಲುವೆಗೆ ಬಿದ್ದು, ಅಲ್ಲಿಂದ ಕೃಷಿ ಹೊಂಡಕ್ಕೆ ಹೋಗಬೇಕು.

ಎರೆಯ ಇನ್ನೊಂದು ಸಂಕಟ ಮುಂಗಾರಿಯದು. ಹಿಂಗಾರಿ ಜೋಳ ಬಿತ್ತುವ ಹೊಲ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಬಿದ್ದಿರುತ್ತದೆ. ಮಳೆಯ ಹೊಡೆತವೆಲ್ಲ ಆಗಲೇ, ಹೊದಿಕೆಯಿಲ್ಲದ ಮೈಮೇಲೆ. ಇದಕ್ಕೆ ವಿಜಯಪುರ, ಸೊಲ್ಲಾಪುರ ಕಡೆ ರೂಢಿಗೆ ಬಂದ ಉಪಾಯ ಚೌಕು ಮಡಿ. ಜೂನ್–ಜುಲೈಯಲ್ಲಿ ಹೊಲದ ತುಂಬ ಹತ್ತು ಹದಿನೈದು ಅಡಿಯ ಚೌಕಗಳಾಗಿ ಗೇಣೆತ್ತರದ ಸಣ್ಣ ಬದು ಎಬ್ಬಿಸುವುದು. ಪ್ರತಿ ಚೌಕವೂ ತನ್ನ ಪಾಲಿನ ಮಳೆಯನ್ನು ತಾನೇ ಕುಡಿಯುತ್ತದೆ. ಇಳುಕಲಿಗೆ ಅಡ್ಡಲಾಗಿ ಬೋದು ಸಾಲು ಮಾಡಿ ಸಾಲಿನ ನಡುವೆ ಅಲ್ಲಲ್ಲಿ ಮಣ್ಣಿನ ತಡೆ ಇಟ್ಟರೂ ಇದೇ ಫಲ. ಸೆಪ್ಟೆಂಬರಿನಲ್ಲಿ ಮಡಿ ಒಡೆದು ಮಾಲದಂಡಿ ಜೋಳ ಬಿತ್ತಿದಾಗ ನೆಲದೊಳಗಿನ ಹಸಿಯಿಂದಲೇ ಬೆಳೆ ಮೇಲೇಳುತ್ತದೆ. ಮಣ್ಣು ಉಳಿಸುವ ಕೆಲಸದ ಫಲ ಕಾಣಲು ಹತ್ತು ವರ್ಷ ಬೇಕೆಂದು ಬೇಸರಪಡುವವರಿಗೆ ಚೌಕು ಮಡಿ ಅದೇ ವರ್ಷ ಜೋಳದ ತೆನೆಯಲ್ಲಿ ಉತ್ತರ ಕೊಡುತ್ತದೆ. ಮಡಿಯ ಬದಲು ಮುಂಗಾರಿಯಲ್ಲಿ ಮಡಿಕೆ, ಹೆಸರು, ಹುರುಳಿಯಂಥ ನೆಲ ಮುಚ್ಚುವ ಬೆಳೆ ಹಾಕುವುದೂ ಒಳ್ಳೆಯದೇ. ಸಜ್ಜೆ ತೊಗರಿಯ ನಡುವೆ ಇವುಗಳ ಪಟ್ಟಿ ಬಿತ್ತಿದರೆ ಮೇಲಿನ ಪಟ್ಟಿಯಿಂದ ಹೊರಟ ಮಣ್ಣು ಕೆಳಗಿನ ಪಟ್ಟಿಯಲ್ಲಿ ಸಿಕ್ಕಿಬೀಳುತ್ತದೆ.

ನೀರಾವರಿ ಬಂದ ಹೊಲದಲ್ಲಿ ಸವಕಳಿಯ ಮಾತೇ ಇಲ್ಲ ಎಂದು ತಿಳಿಯುವುದು ತಪ್ಪು. ಮಿರಜ, ವಾಳವಾ ಕಡೆ ಕಬ್ಬಿಗೆ ಲೆಕ್ಕವಿಲ್ಲದೆ ನೀರು ಬಿಟ್ಟ ಎರೆಯಲ್ಲಿ ಸವಳು ಎದ್ದಿದೆ. ಸೋಡಿಯಂ ಹೆಚ್ಚಾದ ಮಣ್ಣಿನ ಕಣಗಳು ಒಂದಕ್ಕೊಂದು ಅಂಟದೆ ನೀರಿನಲ್ಲಿ ಕದಡಿಹೋಗುತ್ತವೆ; ಹೊಲದ ಅಂಚು ಕುಸಿಯುವುದು ಅಲ್ಲಿಂದಲೇ. ಹನಿ ನೀರಾವರಿ, ಬಸಿಗಾಲುವೆ ಎರಡೂ ಇಲ್ಲಿ ಮಣ್ಣು ಉಳಿಸುವ ಸಾಧನಗಳೇ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವ ರೂಢಿಯಂತೂ ಮನಸ್ಸು ನೋಯಿಸುವಂಥದ್ದು. ನೆಲಕ್ಕೆ ತಾನಾಗಿ ಸಿಕ್ಕ ಹೊದಿಕೆಯನ್ನು ಒಂದು ಗಂಟೆಯಲ್ಲಿ ಬೂದಿ ಮಾಡಿ, ಮುಂದೆ ಅದೇ ಹೊಲಕ್ಕೆ ದುಡ್ಡು ಕೊಟ್ಟು ಗೊಬ್ಬರ ತರಲಾಗುತ್ತದೆ. ಕೂಳೆ ಕಬ್ಬಿನಲ್ಲಿ ಸಾಲು ಬಿಟ್ಟು ಸಾಲಿಗೆ ರವದಿ ಹಾಸಿದರೆ ಹನಿಯ ಹೊಡೆತ ತಪ್ಪುತ್ತದೆ, ಕಳೆ ಕಡಿಮೆ, ನೀರೂ ಉಳಿಯುತ್ತದೆ.

ತಾಸಗಾಂವ, ಜತ್ತದ ಮಡ್ಡಿಗಳಲ್ಲಿ ದ್ರಾಕ್ಷಿ, ದಾಳಿಂಬೆ ಹಾಕಲು ಜೆಸಿಬಿಯಿಂದ ನೆಲ ಸಮ ಮಾಡುವುದು ಇತ್ತೀಚಿನ ರೂಢಿ. ಅವಸರದಲ್ಲಿ ಮೇಲ್ಮಣ್ಣು ಕೆಳಗೆ ಹೂತುಹೋಗಿ ಗರಸು ಮೇಲೆ ಬರುತ್ತದೆ. ಮೊದಲು ಮೇಲಿನ ಒಂದು ಅಡಿ ಮಣ್ಣನ್ನು ಬದಿಗೆ ಗುಡ್ಡೆ ಹಾಕಿಸಿ, ಸಮ ಮಾಡಿದ ಮೇಲೆ ಮತ್ತೆ ಹರಡಿಸಿದರೆ ಜೆಸಿಬಿಯ ಕೆಲವು ತಾಸು ಹೆಚ್ಚಾಗಬಹುದು, ತೋಟ ನಿಲ್ಲುವುದು ಅದರಿಂದಲೇ.

ಹೊಲದಿಂದ ತಪ್ಪಿಸಿಕೊಂಡ ಮಣ್ಣು ಸೇರುವುದು ಹಳ್ಳಕ್ಕೆ, ಹಳ್ಳದಿಂದ ಕೆರೆಗೆ. ಕೊರಕಲು ಹುಟ್ಟುವ ತಲೆಯಿಂದ ಕೆಳಕ್ಕೆ ಗುಂಡುಕಲ್ಲುಗಳ ಚಿಕ್ಕ ತಡೆಗಳನ್ನು ಸಾಲಾಗಿ ಕಟ್ಟುತ್ತ ಬರಬೇಕು. ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಪಾದದ ಮಟ್ಟಕ್ಕಿದ್ದರೆ ಅಂತರ ಸರಿ. ಜತ್ತದ ಪೂರ್ವಕ್ಕೆ ಬೋರ ನದಿಯ ಸಂಖ ಕೆರೆ, ಹೆಸರಿನಲ್ಲೇ ಕನ್ನಡ ಇಟ್ಟುಕೊಂಡ ದೊಡ್ಡನಾಲಾ ಕೆರೆ ಹೀಗೆ ಹೊಲದ ಮಣ್ಣು ಬಂದು ಸೇರುವ ಜಲಾಶಯಗಳು. ಮೇಲಿನ ಹೊಲಗಳ ಹೂಳು ಅವುಗಳ ಹೊಟ್ಟೆಯಲ್ಲಿ ಕೂತಷ್ಟೂ ನೀರಿಗೆ ಜಾಗ ಕಡಿಮೆ. ಕೆರೆಯ ಹೂಳೆತ್ತಿ ಹೊಲಕ್ಕೆ ಹಾಕುವ ಮಹಾರಾಷ್ಟ್ರ ಸರಕಾರದ ಯೋಜನೆ 2017ರಲ್ಲಿ ಬಂತು. ಮಡ್ಡಿಗೆ ಕೆರೆಮಣ್ಣು ಒಳ್ಳೆಯದು. ಆದರೆ ಒಡ್ಡು ಹಾಕದ ಹೊಲಕ್ಕೆ ಹೂಳು ಹೇರುವುದೆಂದರೆ ಅದೇ ಮಣ್ಣನ್ನು ಮತ್ತೆ ಕೆರೆಗೆ ಕಳಿಸುವುದಕ್ಕೆ ಡೀಸೆಲ್ ಸುಟ್ಟಂತೆ.

ಹಳ್ಳ ನದಿಗಳ ಮರಳಿನ ಕತೆಯೂ ಇದಕ್ಕೇ ಸೇರಿದ್ದು. ಖಾನಾಪುರ ತಾಲ್ಲೂಕಿನಲ್ಲಿ ಯೇರಳಾ ನದಿಯ ಮರಳನ್ನು ಗುತ್ತಿಗೆದಾರರು ಬಳಿದು ಒಯ್ಯುತ್ತಿದ್ದಾಗ ಪಾತ್ರ ತಗ್ಗಿ ದಡ ಕುಸಿಯಿತು, ಬಾವಿಗಳು ಬತ್ತಿದವು. ಬಲವಡಿ ಮತ್ತು ತಾಂದೂಳವಾಡಿಯ ರೈತರು 1980ರ ದಶಕದಲ್ಲಿ ಭಾರತ ಪಾಟಣಕರ ಮೊದಲಾದವರಿದ್ದ ಮುಕ್ತಿ ಸಂಘರ್ಷ ಚಳವಳಿಯ ಜೊತೆ ನಿಂತು, ಮರಳಿನ ಮೇಲಿನ ಹಕ್ಕು ಊರಿನದೆಂದು ಹೋರಾಡಿದರು. ಮಿತಿಯಲ್ಲಿ ಮರಳು ಮಾರಿ ಬಂದ ಹಣವನ್ನೂ ಸೇರಿಸಿ ಬಳಿರಾಜಾ ಎಂಬ ಅಣೆ ಕಟ್ಟಿ, ಭೂಮಿ ಇಲ್ಲದವರಿಗೂ ನೀರಿನ ಪಾಲು ಇಟ್ಟರು. ನದಿಯ ಮರಳು ನೀರನ್ನು ಹಿಡಿದಿಡುವ ಹಾಸಿಗೆ ಎಂಬುದನ್ನು ಆ ಊರುಗಳು ಬತ್ತಿದ ಬಾವಿಗಳಿಂದ ಕಲಿತಿದ್ದವು.

ಉಳಿದದ್ದು ಮಳಿ. ಕೃಷ್ಣೆಯ ಪ್ರವಾಹ ಈ ನೆಲಕ್ಕೆ ಮಣ್ಣು ಕೊಡುತ್ತದೆ, ಕಸಿದುಕೊಳ್ಳುತ್ತದೆ ಕೂಡ. ಸಾಂಗ್ಲಿಯಲ್ಲಿ ನೆರೆಯ ಮಟ್ಟ ಅಳೆಯುವುದು 1929ರ ಆಯರ್ವಿನ್ ಸೇತುವೆಯ ಬಳಿ. ಅಪಾಯದ ಗುರುತು 45 ಅಡಿ. 2019ರ ಆಗಸ್ಟಿನಲ್ಲಿ ನೀರು 57 ಅಡಿ ಮುಟ್ಟಿತು. 2005ರಲ್ಲೂ 2021ರಲ್ಲೂ ಊರು ಮುಳುಗಿತ್ತು. ದಂಡೆ ಕುಸಿಯುವುದು ನೀರು ಏರುವಾಗಲ್ಲ, ಇಳಿಯುವಾಗ. ವಾರಗಟ್ಟಲೆ ನೀರು ಕುಡಿದು ಭಾರವಾದ ದಂಡೆಗೆ ಅದುವರೆಗೆ ಎದುರಿನಿಂದ ನದಿಯೇ ಆಸರೆ ಕೊಟ್ಟಿರುತ್ತದೆ. ನದಿ ಬೇಗನೆ ಇಳಿದರೆ ಆಸರೆ ತಪ್ಪಿ, ನಿಂತ ಕಬ್ಬಿನ ಸಮೇತ ದಂಡೆ ಜಾರುತ್ತದೆ. ಇಟ್ಟಿಗೆ ಭಟ್ಟಿಗೆಂದು ದಂಡೆಯ ಮಣ್ಣು ಕಡಿದ ಕಡೆ, ನೀರಿನಂಚಿನವರೆಗೂ ಉತ್ತ ಕಡೆ ಈ ಜಾರು ಜಾಸ್ತಿ. ನೀರಿನಂಚಿನಿಂದ ಹತ್ತು ಹದಿನೈದು ಅಡಿ ಉಳುಮೆಯಿಲ್ಲದೆ ಬಿಟ್ಟು, ಕೆಳಗೆ ಲಾವಂಚ ಮತ್ತು ಆಪು, ಮೇಲೆ ಬಿದಿರು, ಹೊಂಗೆಯಂಥವನ್ನು ಬೆಳೆಸಿದರೆ ಬೇರುಗಳು ದಂಡೆಯನ್ನು ಹೊಲಿದು ಹಿಡಿಯುತ್ತವೆ. ಹೊಲದ ನೀರನ್ನು ದಂಡೆಯ ಮೇಲಿಂದ ಎಲ್ಲೆಂದರಲ್ಲಿ ಬೀಳಲು ಬಿಡದೆ ಒಂದು ಕಡೆ ಕೂಡಿಸಿ, ಕಲ್ಲು ಹಾಸಿದ ಮೆಟ್ಟಿಲಿನ ಮೇಲೆ ಇಲ್ಲವೇ ಪೈಪಿನಲ್ಲಿ ನದಿಗೆ ಇಳಿಸಬೇಕು. ದಂಡೆಯ ಕೊರಕಲುಗಳಲ್ಲಿ ಬಹಳಷ್ಟು ಶುರುವಾಗುವುದು ನದಿಯಿಂದಲ್ಲ, ಹೀಗೆ ಹೊಲದ ಕಡೆಯಿಂದ ಬಿದ್ದ ನೀರಿನಿಂದ.

ಮಾಡಿದ ಕೆಲಸ ಉಳಿಯುವುದು ನೋಡಿಕೊಂಡಾಗ. ಒಡ್ಡು ಒಡೆಯುವುದು ಹೆಚ್ಚಾಗಿ ಮೊದಲ ಎರಡು ವರ್ಷ, ಮಣ್ಣು ಕೂರುವ ಮೊದಲು. ಮೇ ತಿಂಗಳಲ್ಲಿ ಇಲಿ ಹೆಗ್ಗಣದ ಬಿಲಗಳನ್ನು ಅಗೆದು ಮಣ್ಣು ತುಂಬಿ ತುಳಿಯಬೇಕು. ಕುಸಿದ ಕಡೆ ಎತ್ತರಿಸಬೇಕು, ಕೋಡಿಯ ಕಲ್ಲು ಸರಿಪಡಿಸಬೇಕು. ಮೊದಲ ದೊಡ್ಡ ಮಳೆ ಬೀಳುವಾಗಲೇ ಗೊಂಗಡಿ ಹೊದ್ದು, ಸಲಿಕೆ ಹಿಡಿದು ಒಡ್ಡಿನಗುಂಟ ಒಂದು ಸುತ್ತು ಬರುವ ರೈತರು ಈ ಸೀಮೆಯಲ್ಲಿ ಈಗಲೂ ಇದ್ದಾರೆ. ನೀರು ಎಲ್ಲಿ ಕೂಡುತ್ತದೆ, ಎಲ್ಲಿ ಜಿನುಗುತ್ತದೆ, ಕೋಡಿಯಿಂದ ಹೋಗುವ ನೀರು ಕೆಂಪಗಿದೆಯೋ ತಿಳಿಯಾಗಿದೆಯೋ ಎಂಬುದು ಆ ಒಂದು ಸುತ್ತಿನಲ್ಲಿ ಕಾಣುತ್ತದೆ. ಜಿನುಗುವ ತೂತಿಗೆ ಆಗ ಎರಡು ಸಲಿಕೆ ಮಣ್ಣು ಸಾಕು. ಮಳೆ ನಿಂತ ಮೇಲೆ ಹೋದರೆ ಅಲ್ಲಿ ಟ್ರ್ಯಾಲಿಗಟ್ಟಲೆ ಹಾಕಬೇಕಾಗುತ್ತದೆ.